ಪ್ರಯತ್ನಕ್ಕೆ ಪ್ರಮಾಣವೇನು?

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬೆಳಗಿನ ಹೊತ್ತು ಹೋಗಿಬರುವುದು ನನಗೆ ಕೆಲವು ವರ್ಷಗಳಿಂದ ರೂಢಿಯಾಗಿದೆ. ವೈದ್ಯರ ಅಪ್ಪಣೆಯಂತೆ ನಡೆಯುವುದಕ್ಕಾಗಿ ಹೋಗುತ್ತೇನೆಯೇ ಹೊರತು ಓಡುವುದಕ್ಕಾಗಿ ಅಲ್ಲ. ಓಡುವವರು ಬೇರೆ ಇದ್ದಾರೆ. ಪೊಲೀಸು ಕೆಲಸಕ್ಕೆ ಅರ್ಜಿ ಹಾಕಿಕೊಂಡ ಸುತ್ತಮುತ್ತಲ ತಾಲ್ಲೂಕುಗಳ ತರುಣರು, 1600 ಮೀಟರು ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕೆಂಬ ನಿಬಂಧನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಬ್ಬನಿ ಆರುವುದಕ್ಕೆ ಮುಂಚೆಯೇ ಅಲ್ಲಿ ಸುತ್ತು ಹಾಕುತ್ತಿರುತ್ತಾರೆ. ಕಳೆದ ಮಾಗಿಯಲ್ಲಿ ಒಂದು ದಿನ ಅವರ ಪೈಕಿ ಒಬ್ಬನು ಕೊನೆಯ ಸುತ್ತಿನಲ್ಲಿ ಹಿಂದೆ ಬಿದ್ದನು. ಗಡಿಯಾರ ಹಿಡಿದು ನಿಂತಿದ್ದ ಅವರ ಶಿಕ್ಷಕರು, “ಇನ್ನೂ ಐತೆ ನಿನ್ನತ್ರ, ಬಚ್ಚಿಟ್ಕೊಂಡಿದ್ದೀಯ!” ಎಂದು ಕೂಗಿದರು. ಹುಡುಗನು ಇಲ್ಲವೆಂಬಂತೆ ತಲೆಯಾಡಿಸಿದನು. ಬಾಯಿಬಿಟ್ಟು ಹೇಳುವುದಕ್ಕೆ ಅವನಲ್ಲಿ ಉಸಿರಿರಲಿಲ್ಲ.

ಆ ಶಿಕ್ಷಕರು ಕಠಿಣಹೃದಯರೆಂದು ನಾನು ಹೇಳುತ್ತಿಲ್ಲ. ಹಾಗೆ ಕೂಗದೆ ಹುರಿದುಂಬಿಸುವುದು ಹೇಗೆಂದು ಅವರು ಕೇಳಿದರೆ ನನ್ನಲ್ಲಿಯೂ ಸಿದ್ಧವಾದ ಉತ್ತರವಿಲ್ಲ. ಆದರೆ ಮನೆಗೆ ಹಿಂದಿರುಗುವಾಗ ಒಂದು ಪ್ರಶ್ನೆ ನನ್ನ ಜೊತೆಯಲ್ಲಿಯೇ ಬಂದಿತು. ಒಬ್ಬನು ‘ಇದೆ’ ಎಂದನು, ಇನ್ನೊಬ್ಬನು ‘ಇಲ್ಲ’ ಎಂದನು. ಇವರಲ್ಲಿ ಯಾರ ಮಾತು ಪ್ರಮಾಣ? ಒಬ್ಬ ಮನುಷ್ಯನು ಪಟ್ಟ ಪ್ರಯತ್ನವನ್ನು ಇನ್ನೊಬ್ಬ ಮನುಷ್ಯನು ಅರಿಯಬಲ್ಲನೆ? ತಂದೆ ಮಗನಿಗೆ, ಗುರು ಶಿಷ್ಯನಿಗೆ, ಅಧಿಕಾರಿ ಅಧೀನನಿಗೆ ದಿನಕ್ಕೆ ಹತ್ತು ಸಾರಿ ‘ನೀನು ಸಾಕಷ್ಟು ಪ್ರಯತ್ನಪಡಲಿಲ್ಲ’ ಎನ್ನುತ್ತಿರುವರಷ್ಟೆ. ಆ ಮಾತನ್ನು ಆಡುವುದಕ್ಕೆ ಅವರಿಗೆ ಇರುವ ಆಧಾರವೇನು?

ಇದು ಹಿಂದಿನ ಕಾಲದಲ್ಲಿ ಬರಿಯ ಜಗುಲಿಯ ಜಿಜ್ಞಾಸೆಯಾಗಿದ್ದಿರಬಹುದು. ಈಗ ಹಾಗಿಲ್ಲ; ಏಕೆಂದರೆ ಆ ಪ್ರಯತ್ನವನ್ನು ಅಳೆದೇ ತೋರಿಸುತ್ತೇವೆ ಎನ್ನುವ ಒಂದು ಶಾಸ್ತ್ರವು ಹುಟ್ಟಿಕೊಂಡಿದೆ. ಬೆಂಗಳೂರಿನಲ್ಲಿ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ನಮ್ಮ ದೇಶದ ಹಾಕಿ ತಂಡಗಳು ತಿಂಗಳುಗಟ್ಟಲೆ ಶಿಬಿರ ಹೂಡಿ ಅಭ್ಯಾಸ ನಡೆಸುವುದು ಅಲ್ಲಿಯೇ. ಅಂಥ ಕೇಂದ್ರಗಳಲ್ಲಿ ನಡೆಯುವ ಪರೀಕ್ಷೆಯ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ. ಕೆಳಗೆ ಉರುಳುತ್ತಿರುವ ಪಟ್ಟಿಯೊಂದರ ಮೇಲೆ ಆಟಗಾರನನ್ನು ಓಡಿಸುತ್ತಾರೆ. ಅವನು ನಿಂತಲ್ಲಿಯೇ ಓಡುತ್ತಿರುತ್ತಾನೆ. ಪಟ್ಟಿಯ ವೇಗವನ್ನು ಕೆಲವು ನಿಮಿಷಗಳಿಗೊಮ್ಮೆ ಏರಿಸುತ್ತ ಹೋಗುತ್ತಾರೆ. ಮೂಗು ಬಾಯಿಗಳನ್ನು ಮುಚ್ಚುವ ಮುಖವಾಡವು ಅವನು ಬಿಟ್ಟ ಉಸಿರನ್ನೆಲ್ಲ ಒಂದು ಯಂತ್ರಕ್ಕೆ ಒಪ್ಪಿಸುತ್ತದೆ. ಅವನು ಎಷ್ಟು ಆಮ್ಲಜನಕವನ್ನು ಬಳಸಿಕೊಂಡನು, ಎಷ್ಟು ಇಂಗಾಲಾಮ್ಲವನ್ನು ಹೊರಬಿಟ್ಟನು ಎಂಬ ಲೆಕ್ಕವನ್ನು ಆ ಯಂತ್ರವು ಒಪ್ಪಿಸುತ್ತದೆ. ಎದೆಗೆ ಕಟ್ಟಿದ ಪಟ್ಟಿಯೊಂದು ಹೃದಯದ ಬಡಿತವನ್ನು ಎಣಿಸುತ್ತದೆ. ನಡುನಡುವೆ ಕಿವಿಯ ಹಾಲೆಯಿಂದಲೋ ಬೆರಳ ತುದಿಯಿಂದಲೋ ಒಂದು ತೊಟ್ಟು ರಕ್ತವನ್ನು ತೆಗೆದು ಅದರಲ್ಲಿ ಲ್ಯಾಕ್ಟೇಟ್ ಎಂಬ ವಸ್ತುವು ಎಷ್ಟಿದೆಯೆಂದು ನೋಡುತ್ತಾರೆ. ಸುಮ್ಮನೆ ಕುಳಿತವನ ರಕ್ತದಲ್ಲಿ ಅದು ಲೀಟರಿಗೆ ಒಂದು ಮಿಲಿಮೋಲಿನ ಆಸುಪಾಸಿನಲ್ಲಿರುತ್ತದೆ. ವೇಗವು ಒಂದು ಮೇರೆಯನ್ನು ದಾಟಿತೆಂದರೆ ಅದು ಥಟ್ಟನೆ ಏರತೊಡಗುತ್ತದೆ. ನಾಲ್ಕನ್ನು ಆ ಮೇರೆಯ ಗುರುತೆಂದು ಬಹುಕಾಲ ಹಿಡಿದಿದ್ದರು. ಅದು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದೆಂದು ಈಗ ಬಲ್ಲರು.

ಈ ಶಾಸ್ತ್ರದ ಪೂರ್ವಿಕರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಎ. ವಿ. ಹಿಲ್. ಮಾಂಸಖಂಡಗಳಲ್ಲಿ ಉತ್ಪತ್ತಿಯಾಗುವ ಶಾಖದ ವಿಚಾರದಲ್ಲಿ ನಡೆಸಿದ ಸಂಶೋಧನೆಗಾಗಿ 1922ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದವನು. ಉಸಿರನ್ನು ಹಿಡಿಯುವ ಚೀಲವನ್ನು ಹೊತ್ತು ತಾನೇ ಓಡಿ, ಮನುಷ್ಯನು ಆಮ್ಲಜನಕವನ್ನು ಬಳಸಿಕೊಳ್ಳುವುದಕ್ಕೆ ಒಂದು ಪರಮಾವಧಿಯುಂಟೆಂಬ ವಿಚಾರವನ್ನು ಅವನು ತನ್ನ ಜೊತೆಗಾರರೊಡನೆ 1923ರ ಸುಮಾರಿಗೆ ಮುಂದಿಟ್ಟನು. ಇತರರನ್ನು ಅಳೆಯುವುದಕ್ಕೆ ಮುಂಚೆ ತನ್ನನ್ನು ಅಳೆದುಕೊಂಡ ಆ ವಿದ್ವಾಂಸನ ವಿಷಯದಲ್ಲಿ ನನಗೆ ಗೌರವವಿದೆ. ಆ ಪರಮಾವಧಿಯನ್ನು ಈಗ ದೇಹದ ತೂಕದ ಒಂದು ಕಿಲೋಗ್ರಾಮಿಗೆ ನಿಮಿಷವೊಂದಕ್ಕೆ ಇಷ್ಟು ಮಿಲಿಲೀಟರು ಎಂದು ಹೇಳುತ್ತಾರೆ. ಅಭ್ಯಾಸವಿಲ್ಲದ ತರುಣನಿಗೆ ಅದು 40ರ ಸುಮಾರಿನಲ್ಲಿದ್ದರೆ ದೂರದ ಓಟಗಳಲ್ಲಿ ಜಗತ್ಪ್ರಸಿದ್ಧರಾದವರಿಗೆ 70ನ್ನು ಮೀರಿರುವುದುಂಟು.

ಇಷ್ಟನ್ನು ಓದಿ ತಿಳಿದುಕೊಂಡ ಮೇಲೆ, ಪಾಠಶಾಲೆಯಲ್ಲಿ ಕಲಿತ ಹಳೆಯ ಪಾಠವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆಂಬ ಚಪಲವು ನನ್ನಂಥವನಿಗೆ ಹುಟ್ಟುವುದು ಸಹಜ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು: ಇಪ್ಪತ್ತನಾಲ್ಕು ಗುಣಗಳಲ್ಲಿ ಪ್ರಯತ್ನವೂ ಒಂದು, ಅದು ದೇಹದ ಗುಣವಲ್ಲ, ಆತ್ಮದ ಗುಣ. ಬುದ್ಧಿ, ಸುಖ, ದುಃಖ, ಇಚ್ಛೆ, ದ್ವೇಷಗಳ ಸಾಲಿನಲ್ಲಿ ಅದು ಕುಳಿತಿದೆ. ಇವನ್ನು ಅವರವರ ಮನಸ್ಸೇ ಕಾಣಬೇಕು. ಇತರರು ಚಿಹ್ನೆಗಳಿಂದ ಊಹಿಸಬಹುದು, ಅಷ್ಟೆ. ಮುಂದಿನ ತರಗತಿಯಲ್ಲಿ ವಿಶ್ವನಾಥನ ಗ್ರಂಥವನ್ನು ಹಿಡಿದಾಗ ಪ್ರಯತ್ನವು ಮೂರು ವಿಧವೆಂದು ತಿಳಿಯಿತು. ಬೇಕಾದುದರ ಕಡೆಗೆ ಹೋಗುವುದು ಪ್ರವೃತ್ತಿ. ಬೇಡವಾದುದರಿಂದ ಹಿಂದೆಗೆಯುವುದು ನಿವೃತ್ತಿ. ಮೂರನೆಯದು ಜೀವನಯೋನಿ, ಎಂದರೆ ನಾವು ನಿದ್ರಿಸುತ್ತಿರುವಾಗಲೂ ಉಸಿರನ್ನು ಆಡಿಸುತ್ತಿರುವ ಪ್ರಯತ್ನ. ಈ ಮೂರನೆಯದು ಅತೀಂದ್ರಿಯವೆಂದು ಅವರು ಹೇಳುತ್ತಾರೆ. ಅದು ನಡೆಯುತ್ತಿರುವುದು ನಮಗೇ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಮುಖವಾಡವೂ ಎದೆಪಟ್ಟಿಯೂ ಹಿಡಿಯುವುದು ಯಾವುದನ್ನು? ಉಸಿರನ್ನು ಮತ್ತು ಎದೆಬಡಿತವನ್ನು. ಅವು ಜೀವನಯೋನಿಯ ಕಾರ್ಯಗಳು. ಯಾವುದನ್ನು ನಮ್ಮ ತಾರ್ಕಿಕರು ಅವನವನಿಗೂ ಕಾಣದೆಂದರೋ ಅದರ ವ್ಯಾಪಾರವನ್ನು ಯಂತ್ರವು ಅಂಕೆಗಳಲ್ಲಿ ಬರೆದು ತೋರಿಸುತ್ತದೆ. ಇದು ಮನುಷ್ಯಬುದ್ಧಿಯ ದೊಡ್ಡ ಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ‘ಬಚ್ಚಿಟ್ಕೊಂಡಿದ್ದೀಯ’ ಎಂದು ಶಿಕ್ಷಕರು ಆರೋಪಿಸಿದ್ದು ಜೀವನಯೋನಿಯ ವಿಷಯದಲ್ಲಲ್ಲ. ಹುಡುಗನ ಗುಂಡಿಗೆಯು ಕರ್ತವ್ಯಲೋಪ ಮಾಡಿತೆಂದು ಅವರು ದೂರಲಿಲ್ಲ. ಅವರು ದೂರಿದ್ದು ಪ್ರವೃತ್ತಿಯನ್ನು, ಎಂದರೆ ಅವನ ಮನಸ್ಸನ್ನು. ಯಂತ್ರದ ಅಂಕೆಯಿಂದ ಮನಸ್ಸಿನ ನಿರ್ಣಯಕ್ಕೆ ಹೋಗಬೇಕಾದರೆ ನಡುವೆ ಒಂದು ವ್ಯಾಪ್ತಿ ಬೇಕು: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬಂಥದು. ಆ ವ್ಯಾಪ್ತಿ ಇದೆಯೆ?

ಈ ಪ್ರಶ್ನೆಯನ್ನು ಹಿಡಿಯುವ ಮುಂಚೆ ನಮ್ಮ ವೈದ್ಯಶಾಸ್ತ್ರದ ಒಂದು ಮಾತನ್ನು ಸ್ಮರಿಸಬೇಕಾಗಿದೆ. ವ್ಯಾಯಾಮದ ಅಳತೆಯು ಪಶ್ಚಿಮದವರಿಗೇ ಮೊದಲು ಹೊಳೆದುದಲ್ಲ. ಆರೋಗ್ಯವನ್ನು ಬಯಸುವವನು ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡತಕ್ಕದ್ದೆಂದು ಸುಶ್ರುತನೂ ವಾಗ್ಭಟನೂ ವಿಧಿಸಿದ್ದಾರೆ. ಅರ್ಧವಾಯಿತೆಂದು ತಿಳಿಯುವುದು ಹೇಗೆ? ಹೃದಯದಲ್ಲಿ ನೆಲೆಯಾಗಿದ್ದ ವಾಯುವು ಬಾಯಿಗೆ ಬಂದಾಗ, ಎಂದರೆ ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡುವಂತಾದಾಗ, ಬಲದ ಅರ್ಧವು ಖರ್ಚಾಯಿತೆಂದು ಸುಶ್ರುತನ ಲಕ್ಷಣ. ಹಣೆ, ಮೂಗು, ಕಂಕುಳು, ಕೈಕಾಲಿನ ಸಂದುಗಳಲ್ಲಿ ಬೆವರೊಡೆಯುವುದನ್ನೂ ಬಾಯಿ ಒಣಗುವುದನ್ನೂ ಇತರರು ಸೇರಿಸಿದ್ದಾರೆ. 1964ರಲ್ಲಿ ಅಮೆರಿಕದ ವಾಸರ್ಮನ್ ಮತ್ತು ಮೆಕಿಲ್ರಾಯ್ ಎಂಬವರು, ಶ್ರಮವು ಒಂದು ಮೇರೆಯನ್ನು ಮುಟ್ಟಿದೊಡನೆ ಉಸಿರಾಟದ ರೀತಿಯಲ್ಲಿಯೇ ಆ ಮೇರೆಯನ್ನು ಗುರುತಿಸಬಹುದೆಂದು ತೋರಿಸಿದರು. ಎಲ್ಲವೂ ನಮ್ಮವರಿಗೆ ಮುಂಚೆಯೇ ತಿಳಿದಿತ್ತೆಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಸುಶ್ರುತನಲ್ಲಿ ಆಮ್ಲಜನಕವೂ ಇಲ್ಲ, ಲ್ಯಾಕ್ಟೇಟೂ ಇಲ್ಲ. ಆದರೂ ಇಬ್ಬರೂ ನೋಡಿದ್ದು ಉಸಿರಿನ ಕಡೆಗೇ ಎಂಬುದು ಗಮನಾರ್ಹ. ಅದಕ್ಕಿಂತ ಗಮನಾರ್ಹವಾದುದು ಉದ್ದೇಶದ ವ್ಯತ್ಯಾಸ. ಸುಶ್ರುತನು ಗುರುತನ್ನು ಹೇಳಿದ್ದು ‘ಇಲ್ಲಿಗೆ ನಿಲ್ಲಿಸು’ ಎನ್ನುವುದಕ್ಕೆ. ಅತಿಯಾದ ವ್ಯಾಯಾಮ ಮಾಡುವವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುವನೆಂದು ವಾಗ್ಭಟನು ಎಚ್ಚರಿಸುತ್ತಾನೆ. ಈಗಿನ ಪರೀಕ್ಷೆಯ ಗುರುತಿನಿಂದ ‘ಇಲ್ಲಿಂದ ಮುಂದಕ್ಕೆ ಹೋಗು’ ಎಂದು ಹೇಳುವುದೇ ಹೆಚ್ಚು.

ಇನ್ನು ವ್ಯಾಪ್ತಿಯ ವಿಚಾರ. ನನ್ನ ಮೊಮ್ಮಗಳು ಮಣಿಕಟ್ಟಿಗೆ ಒಂದು ಗಡಿಯಾರವನ್ನು ಕಟ್ಟಿಕೊಳ್ಳುತ್ತಾಳೆ. ಅದು ಚರ್ಮದೊಳಕ್ಕೆ ಹಸುರು ಬೆಳಕನ್ನು ಬಿಟ್ಟು ನಾಡಿಯನ್ನು ಎಣಿಸುತ್ತದೆ. ಹಿಂದಿನ ವರ್ಷ ದೇವರಾಯನದುರ್ಗಕ್ಕೆ ಹೋದಾಗ, ಕೆಳಗಿನ ಭೋಗನರಸಿಂಹನ ದರ್ಶನ ಮಾಡಿಕೊಂಡು ಮೇಲಿನ ಯೋಗನರಸಿಂಹನ ಕಡೆಗೆ ಹತ್ತುವ ಮುಂಚೆ, ಆ ಗಡಿಯಾರವನ್ನು ಅವಳು ನನ್ನ ಕೈಗೆ ಕಟ್ಟಿದಳು. ಅರ್ಧ ದಾರಿಯಲ್ಲಿ ನೋಡಿ, “ತಾತ, 149! ನಿಮ್ಮ ವಯಸ್ಸಿಗೆ ಇದು ಕೊನೇ ಮಟ್ಟ, ಕೂತ್ಕೊಳ್ಳಿ” ಎಂದು ಗಾಬರಿಯಾದಳು. ನಾನು ಆ ಹೊತ್ತಿಗೆ ಅಮರಕೋಶದ ಸ್ವರ್ಗವರ್ಗವನ್ನು ಅಭ್ಯಾಸಬಲದಿಂದ ಹೇಳಿಕೊಳ್ಳುತ್ತ ಹತ್ತುತ್ತಿದ್ದೆನು. ಶ್ಲೋಕದ ನಡುವೆ ಉಸಿರು ಎಲ್ಲಿಯೂ ತುಂಡಾಗಿರಲಿಲ್ಲ. ಆ ಗಡಿಯಾರವು ಹಿಡಿದ ಲೆಕ್ಕವಾದರೋ 220ರಲ್ಲಿ ವಯಸ್ಸನ್ನು ಕಳೆಯುವುದು. ಅರುವತ್ತಾರನ್ನು ಕಳೆದರೆ 154. ಅದೇ ನನ್ನ ಹೃದಯದ ಪರಮಾವಧಿಯಂತೆ. 1970ರ ದಶಕದ ಆರಂಭದಲ್ಲಿ ಕೆಲವು ಪರೀಕ್ಷೆಗಳ ಅಂಕೆಗಳನ್ನು ಕಣ್ಣಂದಾಜಿನಿಂದ ನೋಡಿ ಎಳೆದ ಗೆರೆಯದು. ಒಬ್ಬೊಬ್ಬ ವ್ಯಕ್ತಿಯ ವಿಷಯದಲ್ಲಿ ಹತ್ತು ಹನ್ನೆರಡು ಬಡಿತಗಳಷ್ಟು, ಕೆಲವು ವೇಳೆ ಅದಕ್ಕಿಂತಲೂ ಹೆಚ್ಚು, ತಪ್ಪಬಹುದೆಂದು ಬಲ್ಲವರು ಹೇಳುತ್ತಾರೆ. ಮೊಮ್ಮಗಳ ಸಮಾಧಾನಕ್ಕಾಗಿ ನಾನು ಕುಳಿತೆನು. ಆದರೆ ಕುಳಿತಾಗ ನನಗೆ ಬೇಸರವಾದುದು ಗಡಿಯಾರದ ತಪ್ಪಿಗಲ್ಲ. ‘ತಾತ, ನಿಮಗೆ ಆಯಾಸವಾಗಿದೆಯೆ?’ ಎಂದು ಅವಳು ನನ್ನನ್ನು ಕೇಳಲೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ನನ್ನ ಕಣ್ಣ ಮುಂದೆಯೇ ಇದೆ. ಗುಬ್ಬಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ರಕ್ತದ ಒತ್ತಡಕ್ಕಾಗಿ ಮಾತ್ರೆಯನ್ನು ಸೇವಿಸುತ್ತಾರೆ. ಆ ಜಾತಿಯ ಮಾತ್ರೆಗಳು ಹೃದಯದ ವೇಗಕ್ಕೆ ಕಡಿವಾಣ ಹಾಕುತ್ತವೆ. ಅವರು ಏದುಸಿರು ಬಿಡುತ್ತ ಮೆಟ್ಟಲು ಹತ್ತಿದರೂ ನಾಡಿಯು ನೂರರ ಸುಮಾರಿನಲ್ಲಿಯೇ ನಿಂತಿರುತ್ತದೆ. ಗಡಿಯಾರವನ್ನು ನಂಬುವುದಾದರೆ ಅವರು ಮಹಾ ಆಲಸಿಗಳು! ಪರೀಕ್ಷೆಯ ಕೊಠಡಿಗೆ ಹೆಜ್ಜೆಯಿಡುವಾಗಲೇ ಹುಡುಗನ ಎದೆಯು ಭಯದಿಂದ ಡವಗುಟ್ಟುತ್ತದೆ; ಬಿಸಿಲು, ಜ್ವರ, ಒಂದು ಲೋಟ ಗಟ್ಟಿ ಕಾಫಿ ಇವೂ ಅದನ್ನೇ ಮಾಡಬಲ್ಲುವು. ಬಹುಕಾಲ ಅಭ್ಯಾಸ ಮಾಡಿದವನ ಹೃದಯವು ಅಷ್ಟೇ ಕೆಲಸಕ್ಕೆ ಕಡಿಮೆ ಬಡಿಯುತ್ತದೆ. ಒಣಗಿದ ಕಟ್ಟಿಗೆಯ ಬೆಂಕಿಯಲ್ಲಿ ಹೊಗೆಯಿಲ್ಲ. ಬೆಂಕಿಯೇ ಇಲ್ಲದ ಕಡೆ ಮಂಜು ಹೊಗೆಯಂತೆ ತೋರುತ್ತದೆ. ಇಂಥ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆಂದು ಕರೆದು ಬದಿಗಿಡುತ್ತಾರೆ. ಲ್ಯಾಕ್ಟೇಟಿನ ಕಥೆಯಂತೂ ಇನ್ನೂ ವಿಚಿತ್ರ. ದಣಿವಿಗೆ ಕಾರಣವಾದ ವಿಷವದೆಂದು ದಶಕಗಳ ಕಾಲ ಅದನ್ನು ದೂಷಿಸಿದರು. 1980ರ ದಶಕದಿಂದೀಚೆಗೆ ಜಾರ್ಜ್ ಬ್ರೂಕ್ಸ್ ಮೊದಲಾದವರು, ಅದು ಮಾಂಸಖಂಡಗಳೂ ಹೃದಯವೂ ಬಳಸಿಕೊಳ್ಳುವ ಇಂಧನವೆಂದು ತೋರಿಸಿದರು. ಅಂಕೆ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು.

ಇಲ್ಲಿಯವರೆಗೆ ಓದಿದ ವಾಚಕರು ನಾನು ಯಂತ್ರವಿರೋಧಿಯೆಂದು ತೀರ್ಮಾನಿಸಿರಬಹುದು. ಸ್ವಲ್ಪ ತಾಳಬೇಕು. ಯಂತ್ರವನ್ನು ಬಿಟ್ಟು ಕಣ್ಣನ್ನು ನಂಬಿದರೆ ಆಗುವುದೇನು? ಗುಬ್ಬಿಯ ಮಾತು ಬಂದುದರಿಂದ ಗುಬ್ಬಿ ವೀರಣ್ಣನವರ ಕಂಪೆನಿಯ ನೆನಪಾಗುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ನಾಟಕಮಂಡಲಿಯ ವೈಭವವನ್ನು ನಮ್ಮ ಹಿರಿಯರು ಮೈಮರೆತು ವರ್ಣಿಸುತ್ತಿದ್ದರು. ರಂಗದ ಮೇಲೆ ಯುದ್ಧದಿಂದ ಬಳಲಿ ಬಂದ ವೀರನು ಏದುಸಿರು ಬಿಟ್ಟು, ಹಣೆಯನ್ನು ಒರೆಸಿಕೊಂಡು, ಕಾಲು ಸೋತು ಕುಸಿದರೆ ಪ್ರೇಕ್ಷಕರ ಕಣ್ಣು ಒದ್ದೆಯಾಗುತ್ತಿತ್ತು. ನಟನು ತೆರೆಯ ಹಿಂದೆ ಕುಳಿತಿದ್ದು ಆಗತಾನೆ ಎದ್ದು ಬಂದವನು. ಶ್ರಮವನ್ನು ತೋರಿಸುವ ಕಲೆಯುಂಟು. ಅದನ್ನು ನಟರು ಬಲ್ಲರು, ಶಾಲೆಯ ಹುಡುಗರೂ ಬಲ್ಲರು. ಭರತಮುನಿಯು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಎಣಿಸುವಾಗ ಶ್ರಮವನ್ನು ಹೇಳಿ, ಅದರ ಬೆನ್ನಿಗೇ ಆಲಸ್ಯವನ್ನು ಹೇಳಿದ್ದಾನೆ. ಅವೆರಡನ್ನೂ ಒಂದರ ಪಕ್ಕದಲ್ಲೊಂದು ಕೂರಿಸಿದ್ದು ಕಾಕತಾಳೀಯವೇ ಇರಬಹುದು. ಆದರೆ ನೋಡುವವನ ಕಣ್ಣಿಗೆ ಅವೆರಡೂ ಎಷ್ಟು ಹತ್ತಿರವೆಂಬುದನ್ನು ನಾನು ನನ್ನ ಸ್ವಂತ ತಪ್ಪಿನಿಂದ ಕಲಿತೆನು.

ಕುಣಿಗಲ್ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನು 1990ರ ದಶಕದಲ್ಲಿ ಉಪಾಧ್ಯಾಯನಾಗಿದ್ದೆನು. ವ್ಯಾಯಾಮದ ಮೇಷ್ಟರು ವರ್ಗವಾಗಿ ಹೋದ ಮೇಲೆ ಕೆಲವು ತಿಂಗಳು ಆ ಜಾಗಕ್ಕೆ ಯಾರೂ ಬರಲಿಲ್ಲ. ಡ್ರಿಲ್ ಪೀರಿಯಡ್ಡನ್ನು ಸಂಸ್ಕೃತದ ಮೇಷ್ಟರಾದ ನಾನೇ ನೋಡಿಕೊಳ್ಳಬೇಕಾಯಿತು. ಹುಡುಗರನ್ನು ಮೈದಾನದ ಸುತ್ತ ಓಡಿಸುವುದಕ್ಕಿಂತ ಹೆಚ್ಚಿನದೇನೂ ನನಗೆ ತಿಳಿಯದು. ಎಂಟನೆಯ ತರಗತಿಯ ಒಬ್ಬ ಹುಡುಗನು ಮೊದಲನೆಯ ಸುತ್ತು ಮುಗಿಯುವುದರೊಳಗೆ ನಡೆಯತೊಡಗುತ್ತಿದ್ದನು. ನೋಡುವುದಕ್ಕೆ ಕುಳ್ಳಗೆ ಗುಂಡಗೆ ಇದ್ದನು, ಕಾಯಿಲೆಯವನಂತೆ ಕಾಣುತ್ತಿರಲಿಲ್ಲ. ಪಾಠದಲ್ಲಿಯೂ ತೂಕಡಿಸುತ್ತಿದ್ದನು. ಆಲಸ್ಯವೇ ಮನುಷ್ಯನ ಮೈಯಲ್ಲಿರುವ ದೊಡ್ಡ ಹಗೆಯೆಂಬ ಅರ್ಥದ ಸುಭಾಷಿತವನ್ನು ಅವನಿಂದ ಹತ್ತು ಸಾರಿ ಬರೆಯಿಸಿದೆನು. ಅಷ್ಟಕ್ಕೆ ಬಿಡಲಿಲ್ಲ. ಮಿಕ್ಕವರು ಎರಡು ಸುತ್ತು ಓಡಿ ನಿಂತ ಮೇಲೆ, ಅವರು ನೋಡುತ್ತಿರುವಂತೆಯೇ, ಅವನು ಇನ್ನೂ ಎರಡು ಸುತ್ತು ಓಡಬೇಕೆಂದು ವಿಧಿಸಿದೆನು. ಒಂದು ವಾರ ಹಾಗೆ ನಡೆಯಿತು. ಅವನು ಎದುರಾಡಲಿಲ್ಲ, ಅಳಲಿಲ್ಲ, ಓಡುತ್ತ, ನಡೆಯುತ್ತ, ಬಗ್ಗಿ ಮೊಣಕಾಲು ಹಿಡಿದು ನಿಂತು, ಮತ್ತೆ ಓಡುತ್ತಿದ್ದನು. ಅವನನ್ನು ಸರಿದಾರಿಗೆ ತಂದೆನೆಂದು ನಾನು ಒಳಗೊಳಗೇ ಹೆಮ್ಮೆಪಟ್ಟೆನೆಂಬುದನ್ನೂ ಮುಚ್ಚಿಡತಕ್ಕದ್ದಲ್ಲ.

ಅದಾದ ಕೆಲವು ದಿನಗಳಿಗೆ ಆರೋಗ್ಯಕೇಂದ್ರದ ವೈದ್ಯರು ಮಕ್ಕಳ ತಪಾಸಣೆಗಾಗಿ ಬಂದರು. ಆ ಹುಡುಗನ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಿ, ಬೆರಳಿನಿಂದ ರಕ್ತ ತೆಗೆದು ಪರೀಕ್ಷಿಸಿದರು. ಹನ್ನೆರಡು ಗ್ರಾಮಿಗೆ ಕಡಿಮೆಯಿರಬಾರದ ರಕ್ತದ ಕೆಂಪು ಅಂಶವು ಆರೂವರೆಯಷ್ಟಿತ್ತು. ಬರಿಗಾಲಿನಲ್ಲಿ ಹೊಲಗದ್ದೆಯಲ್ಲಿ ತಿರುಗುವ ಮಕ್ಕಳಿಗೆ ಅಂಟುವ ಕೊಕ್ಕೆಹುಳುವು ಅವನ ರಕ್ತವನ್ನು ಹೀರಿತ್ತು. ಗುಂಡಗಿರುವನೆಂದು ನಾನು ತಿಳಿದುದು ಮುಖದ ಬಾವು. ಆಮ್ಲಜನಕವನ್ನು ಹೊರುವುದು ಆ ಕೆಂಪು ಅಂಶವೇ ತಾನೆ? ಅದು ಅರ್ಧಕ್ಕೆ ಇಳಿದವನಿಗೆ ಮಿಕ್ಕವರ ನಡಿಗೆಯೇ ಓಟ. ಮಿಕ್ಕವರ ಓಟವೆಂಬುದು ಅಸಾಧ್ಯ. ಹಿಲ್ ಹೇಳಿದ ಆ ಪರಮಾವಧಿಯ ಅಂಚಿನಲ್ಲಿ, ಇಡೀ ಮೈದಾನದಲ್ಲಿ ಅತ್ಯಂತ ಹೆಚ್ಚು ಪ್ರಯತ್ನಪಟ್ಟವನು ಅವನೊಬ್ಬನೇ ಆಗಿದ್ದನು. ಆ ಪ್ರಯತ್ನಕ್ಕೆ ನಾನು ಆಲಸ್ಯವೆಂದು ಹೆಸರಿಟ್ಟಿದ್ದೆನು.

ವೈದ್ಯರು ಹೋದ ಮೇಲೆ ಹುಡುಗನನ್ನು ಕರೆದು, “ಓಡುವಾಗ ನಿನಗೆ ಏನಾಗುತ್ತಿತ್ತು? ನನಗೇಕೆ ಹೇಳಲಿಲ್ಲ?” ಎಂದು ಕೇಳಿದೆನು. ಅವನು ನೆಲ ನೋಡುತ್ತ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ: “ಓಡಿದ್ರೆ ಎಲ್ಲಾರ್ಗೂ ಹಿಂಗೇ ಆಯ್ತದೆ ಅಂದ್ಕೊಂಡಿದ್ದೆ ಸಾ.”

ತಾರ್ಕಿಕರ ಮಾತಿಗೆ ನಾನು ಕಂಡ ಅತಿ ದೊಡ್ಡ ತಿದ್ದುಪಡಿಯು ಈ ಮಾತು. ಪ್ರಯತ್ನವನ್ನು ಅವನವನ ಮನಸ್ಸೇ ಕಾಣುತ್ತದೆಂಬುದೇನೋ ನಿಜ. ಆದರೆ ಕಂಡುದನ್ನು ಹೋಲಿಸುವುದಕ್ಕೆ ಅವನ ಬಳಿ ಇನ್ನೊಬ್ಬನ ಮನಸ್ಸಿಲ್ಲ. ತನ್ನ ಎದೆಯೊಳಗಿನ ಉರಿಯು ಎಲ್ಲರ ಎದೆಯಲ್ಲಿಯೂ ಇದೆಯೆಂದೇ ಅವನು ತಿಳಿಯುತ್ತಾನೆ. ಇತರರು ಅದನ್ನು ಸಹಿಸಿ ಓಡುವರು, ತಾನೊಬ್ಬ ಹೇಡಿಯೆಂದು ನಾಚುತ್ತಾನೆ. ಹೊರಗಿನವನಿಗೆ ಅಳತೆಯುಂಟು, ಅಳೆಯಬೇಕಾದುದು ಕಾಣದು. ಒಳಗಿನವನಿಗೆ ಅದು ಕಾಣುತ್ತದೆ, ಅಳತೆಯಿಲ್ಲ. ಆ ದಿನ ಹುಡುಗನನ್ನು ನನ್ನ ಕೈಯಿಂದ ಬಿಡಿಸಿದ್ದು ನನ್ನ ಕರುಣೆಯೂ ಅಲ್ಲ, ಅವನ ಮಾತೂ ಅಲ್ಲ. ಒಂದು ತೊಟ್ಟು ರಕ್ತ, ಒಂದು ಅಂಕೆ.

ಆದುದರಿಂದ ಅಂಕೆಯನ್ನು ನಿಂದಿಸುವ ಅಧಿಕಾರ ನನಗಿಲ್ಲ. ನಾನು ಕೇಳುವುದು ಇಷ್ಟೆ: ಆರೋಪವನ್ನು ಬಿಡಿಸಬಲ್ಲ ಅಂಕೆಯು ಆರೋಪವನ್ನು ಹೊರಿಸಲೂ ಬಲ್ಲುದೆ? ಬಿಡಿಸುವುದಕ್ಕೆ ಒಂದು ಕಾರಣ ಸಿಕ್ಕಿದರೆ ಸಾಕು. ಹೊರಿಸಬೇಕಾದರೆ ಮಿಕ್ಕ ಕಾರಣಗಳೊಂದೂ ಇಲ್ಲವೆಂದು ತೋರಿಸಬೇಕು. ಎರಡೂ ಸಮವಾದ ಕೆಲಸಗಳಲ್ಲ.

ನಮ್ಮ ಕಾಲದ ಒಂದು ಪ್ರಸಿದ್ಧ ಪ್ರಸಂಗವನ್ನು ನೋಡೋಣ. ಡೆನ್ಮಾರ್ಕಿನ ಬಾಂಗ್ಸ್‌ಬೋ ಎಂಬ ವಿದ್ವಾಂಸನು ರೂಪಿಸಿದ ಯೋ-ಯೋ ಪರೀಕ್ಷೆಯಲ್ಲಿ, ಇಪ್ಪತ್ತು ಮೀಟರು ದೂರವನ್ನು ಹೋಗಿ ಬಂದು, ಕ್ಷಣಕಾಲ ಸುಧಾರಿಸಿಕೊಂಡು, ಮತ್ತೆ ಓಡಬೇಕು. ಸಂಕೇತದ ಸದ್ದು ಬರಬರುತ್ತ ಬೇಗಬೇಗನೆ ಬರುತ್ತದೆ. ಭಾರತದ ಕ್ರಿಕೆಟ್ ತಂಡಕ್ಕೆ ಸೇರಬೇಕಾದರೆ ಅದರಲ್ಲಿ 16.1ರ ಮಟ್ಟವನ್ನು ಮುಟ್ಟಬೇಕೆಂದು 2017ರಲ್ಲಿ ಗೊತ್ತುಮಾಡಿದ್ದರು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಆ ಪರೀಕ್ಷೆ ನಡೆಯುತ್ತಿತ್ತು. 2018ರಲ್ಲಿ ಐಪಿಎಲ್ ಪಂದ್ಯಾವಳಿಯಲ್ಲಿ 602 ಓಟಗಳನ್ನು ಗಳಿಸಿ ತಂಡಕ್ಕೆ ಆಯ್ಕೆಯಾಗಿದ್ದ ಅಂಬಟಿ ರಾಯುಡು ಅದರಲ್ಲಿ ತೇರ್ಗಡೆಯಾಗದೆ ಇಂಗ್ಲೆಂಡಿನ ಪ್ರವಾಸವನ್ನು ಕಳೆದುಕೊಂಡರು. ಮೊಹಮ್ಮದ್ ಶಮಿಯೂ ಅದೇ ವರ್ಷ ತೇರ್ಗಡೆಯಾಗದೆ, ಬೆಂಗಳೂರಿನಲ್ಲಿಯೇ ಆಫ್ಘಾನಿಸ್ತಾನದೊಡನೆ ನಡೆದ ಪಂದ್ಯದಿಂದ ಹೊರಗುಳಿದು, ಮುಂದೆ ತೇರ್ಗಡೆಯಾಗಿ ಹಿಂದಿರುಗಿದರು. ತಂಡವನ್ನು ಆರಿಸುವವರು ಒಂದು ಮಟ್ಟವನ್ನು ಇಡುವುದು ಅವರ ಹಕ್ಕು; ಪೊಲೀಸಿನವರು ಆರೂವರೆ ನಿಮಿಷವೆನ್ನುವಂತೆಯೇ ಅದೂ. ನನಗೆ ವ್ಯಸನವಾದುದು ಚಾವಡಿಯ ಮಾತುಗಳಿಂದ. ‘ಮೈಗಳ್ಳರು, ದುಡ್ಡು ಹೆಚ್ಚಾಯಿತು’ ಎಂದು ಕಾಫಿ ಹೋಟೆಲಿನಲ್ಲಿ ಕುಳಿತವರು ನಿರ್ಣಯ ಕೊಟ್ಟುಬಿಟ್ಟರು. ಪರೀಕ್ಷೆಯು ಅಳೆದದ್ದು ಆ ದಿನದ ಸಾಮರ್ಥ್ಯವನ್ನು. ಇವರು ಓದಿಕೊಂಡದ್ದು ಶೀಲವನ್ನು. ಅರ್ಹತೆಯಿಲ್ಲವೆಂಬುದು ಬೇರೆ, ಅಪರಾಧವುಂಟೆಂಬುದು ಬೇರೆ.

ಕುಣಿಗಲ್ ಎಂದರೆ ಕುದುರೆ. ಹೈದರ್-ಟಿಪ್ಪುಗಳ ಕಾಲದಿಂದ ಹೆಸರಾದ ಅಲ್ಲಿನ ಕುದುರೆಯ ಫಾರಂ ಜೂಜಿನ ಕುದುರೆಗಳಿಗೆ ಪ್ರಸಿದ್ಧವಾಯಿತು. ಆ ಊರಿನ ಕಡೆ ಕೆಲಸಮಾಡುತ್ತಿದ್ದಾಗ ಕುದುರೆ ನೋಡಿಕೊಳ್ಳುವವರೊಡನೆ ಮಾತನಾಡುವ ಅವಕಾಶ ನನಗೆ ಒದಗುತ್ತಿತ್ತು. ಸುಮ್ಮನೆ ನಿಂತ ಕುದುರೆಯ ಹೃದಯವು ನಿಮಿಷಕ್ಕೆ ಮೂವತ್ತು ನಲವತ್ತು ಸಾರಿ ಬಡಿದರೆ ನಾಗಾಲೋಟದಲ್ಲಿ ಇನ್ನೂರನ್ನು ಮೀರುತ್ತದೆ. ಮೂಗಿನ ಹೊಳ್ಳೆಯನ್ನೂ ಕತ್ತಿನ ಬೆವರನ್ನೂ ನೋಡಿ ಅದರ ದಣಿವನ್ನು ಅವರು ಹೇಳುತ್ತಿದ್ದರು. ‘ಬಾಯಿಲ್ಲದ ಪ್ರಾಣಿ ಸ್ವಾಮಿ, ನಾವೇ ತಿಳ್ಕೋಬೇಕು’ ಎಂದು ಒಬ್ಬನು ಹೇಳಿದ್ದು ಜ್ಞಾಪಕವಿದೆ. ಬಾಯಿಲ್ಲದುದಕ್ಕೆ ಅಳತೆಯೇ ಬಾಯಿ. ಬಾಯಿರುವ ಮನುಷ್ಯನನ್ನೂ ಅಳತೆಯಿಂದಲೇ ತಿಳಿಯುತ್ತೇವೆಂದು ಹೊರಟಾಗ ನಾವು ಅವನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಿದ್ದೇವೆಂದು ಯೋಚಿಸಬೇಕು. ಕುದುರೆಯ ಮಾತಿನ ಜೊತೆಗೆ ಕೋಣದ ಮಾತನ್ನೂ ಸೇರಿಸಬಹುದು. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ನೂರು ಮೀಟರಿಗೆ 9.55 ಎಂದು ಭಾಗಿಸಿ ದೇಶವೆಲ್ಲ ಕೊಂಡಾಡಿತು. ಕೇಂದ್ರದ ಕ್ರೀಡಾಸಚಿವರು ಪರೀಕ್ಷೆಗೆ ಬರಬೇಕೆಂದು ಕರೆದರು. ಕೆಸರಿನ ಓಟವೇ ಬೇರೆ, ಅಲ್ಲಿನ ಓಟವೇ ಬೇರೆಯೆಂದು ಹೇಳಿ ಆ ತರುಣರು ಹೋಗಲಿಲ್ಲ. ತಮ್ಮ ಅಂಕೆಯ ಅರ್ಥವನ್ನು ಭಾಗಿಸಿದವರೆಲ್ಲರಿಗಿಂತ ಅವರೇ ಚೆನ್ನಾಗಿ ಅರಿತಿದ್ದರು.

ಈ ಶಾಸ್ತ್ರದೊಳಗೇ ಇದನ್ನು ಅರಿತವನೊಬ್ಬನು ಹುಟ್ಟಿದನೆಂಬುದು ಸಂತೋಷದ ವಿಷಯ. ಸ್ವೀಡನ್ ದೇಶದ ಗುನ್ನಾರ್ ಬೋರ್ಗ್ ಎಂಬವನು 1960ರ ದಶಕದಲ್ಲಿ ಒಂದು ಮಾನವನ್ನು ರಚಿಸಿದನು. ಓಡುತ್ತಿರುವವನನ್ನೇ ‘ನಿನಗೆ ಎಷ್ಟು ಶ್ರಮವೆನಿಸುತ್ತದೆ?’ ಎಂದು ಕೇಳುವುದು. ಅವನು ಆರರಿಂದ ಇಪ್ಪತ್ತರೊಳಗೆ ಒಂದು ಸಂಖ್ಯೆಯನ್ನು ಹೇಳುವುದು. ಆರು ಎಂದರೆ ಏನೂ ಶ್ರಮವಿಲ್ಲ. ಇಪ್ಪತ್ತು ಎಂದರೆ ಇನ್ನು ಸಾಧ್ಯವೇ ಇಲ್ಲ. ಆರೋಗ್ಯವಂತನಾದ ತರುಣನು ಹೇಳಿದ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ಅವನ ಎದೆಬಡಿತಕ್ಕೆ ಹೆಚ್ಚುಕಡಮೆ ಸರಿಹೋಗುವಂತೆ ಆ ಮಾನವು ಏರ್ಪಟ್ಟಿದೆ. ಯಂತ್ರಗಳೆಲ್ಲ ಇರುವ ಕೊಠಡಿಯಲ್ಲಿಯೂ ಈ ಪ್ರಶ್ನೆಯನ್ನು ಈಗ ಕೇಳುತ್ತಾರೆ. ಎರಡು ಉತ್ತರಗಳೂ ಹೊಂದಿದರೆ ಒಳ್ಳೆಯದು. ಹೊಂದದಿದ್ದರೆ ಒಬ್ಬನನ್ನು ಸುಳ್ಳನೆನ್ನುವ ಬದಲು ಕಾರಣವನ್ನು ಹುಡುಕುವುದು ಯುಕ್ತ. ನನ್ನ ಹುಡುಗನನ್ನು ಕೇಳಿದ್ದರೆ ಅವನು ಹತ್ತೊಂಬತ್ತು ಎನ್ನುತ್ತಿದ್ದನೋ, ಅಥವಾ ಮೇಷ್ಟರಿಗೆ ಹೆದರಿ ಹತ್ತು ಎನ್ನುತ್ತಿದ್ದನೋ!

ಹಾಗಾದರೆ ಆಲಸ್ಯವೆಂಬುದೇ ಇಲ್ಲವೆ ಎಂದು ಕೇಳಬಹುದು. ಇದೆ. ಮೂವತ್ತಮೂರು ವರ್ಷ ಹುಡುಗರ ನಡುವೆ ಬದುಕಿದವನು ಇಲ್ಲವೆಂದು ಹೇಳಲಾರೆನು. ನನ್ನಲ್ಲಿಯೇ ಅದು ಧಾರಾಳವಾಗಿದೆ. ಈ ಲೇಖನವನ್ನು ಮೂರು ತಿಂಗಳಿಂದ ಮುಂದೂಡಿದುದು ರಕ್ತಹೀನತೆಯಿಂದಲ್ಲ. ಆದರೆ ನನ್ನಲ್ಲಿರುವುದನ್ನು ನಾನು ಬಲ್ಲಷ್ಟು ಇನ್ನೊಬ್ಬನಲ್ಲಿರುವುದನ್ನು ಬಲ್ಲೆನೆನ್ನುವ ಧೈರ್ಯವು ಆ ಆರೂವರೆಯ ಅಂಕೆಯನ್ನು ಕಂಡಂದಿನಿಂದ ನನ್ನನ್ನು ಬಿಟ್ಟುಹೋಗಿದೆ.

ಆ ಹುಡುಗನು ಮಾತ್ರೆಗಳಿಂದ ನಾಲ್ಕಾರು ತಿಂಗಳಲ್ಲಿ ಚೇತರಿಸಿಕೊಂಡನು. ಈಗ ನಲವತ್ತು ದಾಟಿದ್ದಾನೆ, ಬಸ್ಸಿನ ಚಾಲಕನಾಗಿದ್ದಾನೆ. ಹೋದ ದಸರೆಯ ರಜೆಯಲ್ಲಿ ಹಣ್ಣುಕಾಯಿ ಹಿಡಿದು ಮಗನೊಡನೆ ನಮ್ಮ ಮನೆಗೆ ಬಂದಿದ್ದನು. ಮಗನಿಗೆ ಹದಿಮೂರು ವರ್ಷ. ಉಪಚಾರಗಳೆಲ್ಲ ಮುಗಿದ ಮೇಲೆ ತಂದೆಯು ದನಿ ತಗ್ಗಿಸಿ, “ಇವ್ನು ಬಲೇ ಸೋಮಾರಿ ಸಾ. ಆಟಕ್ಕೂ ಬೇಡ, ಪಾಠಕ್ಕೂ ಬೇಡ. ನೀವೊಸಿ ಬುದ್ಧಿ ಹೇಳಿ” ಎಂದನು. ನಾನು ಅವನ ಮುಖವನ್ನೇ ನೋಡಿದೆನು. ನನ್ನ ಮನಸ್ಸಿನಲ್ಲಿದ್ದುದು ಅವನಿಗೆ ತಿಳಿದಿರಬೇಕು, ನಕ್ಕುಬಿಟ್ಟನು. “ರಕ್ತ ಮೊದ್ಲೇ ತೋರಿಸಿದ್ದೀನಿ ಸಾ. ಹದಿಮೂರು ಐತೆ. ಎಲ್ಲಾ ಸರಿಯಾಗೈತೆ ಅಂದ್ರು ಡಾಕ್ಟ್ರು.”

ಹುಡುಗನು ಬಾಗಿಲ ಬಳಿ ತಲೆತಗ್ಗಿಸಿಕೊಂಡು ನಿಂತಿದ್ದನು. ಕಾಫಿ ತರುವುದಕ್ಕೆ ಒಳಗೆ ಹೇಳಿ, ತಂದೆಯನ್ನು ನಡುಮನೆಯಲ್ಲಿಯೇ ಬಿಟ್ಟು, ಅವನನ್ನು ಕರೆದುಕೊಂಡು ಹೋಗಿ ಜಗುಲಿಯ ಮೇಲೆ ನನ್ನ ಪಕ್ಕದಲ್ಲಿ ಕೂರಿಸಿಕೊಂಡೆನು.